ನಾಲ್ಕನೇ ಜ್ವರ ಎದ್ದ ಮೇಲೆ

ಸೊಣ್ಣಪ್ಪ ಬಂದು ಬೆಟ್ಟ ತೋರಿಸಿದ,
ನನಗೇ, ನಮ್ಮ ಕೋಳಿಬಂಡೆಯನ್ನೇ,
ಮೊನ್ನೆ ಸಂತೆಯಲ್ಲಿ ಕೊಂಡು ತಂದವನ ಹಾಗೆ.
'ನೋಡಕ್ಕಾ, ಇದು ವ್ಯೂ ಅಂದ್ರೆ.
ಗುಂಟೆಗೆ ರೇಟು ಬರೋದು ಇದಕ್ಕೆ,
ನಿನ್ನ ಹಿಪ್ಪುನೇರಳೆ ಕಡ್ಡಿಗಲ್ಲ.'

ಈ ಊರಿಗೆ ಬಂದು ಇಪ್ಪತ್ತಾರು ವರ್ಷ.
ನಾನು ಆ ಕಡೆ ನೋಡಿದ್ದು ಮೇಕೆ ತಪ್ಪಿಸಿಕೊಂಡಾಗ,
ಮೃಗಶಿರೆಯಲ್ಲಿ ಮೋಡವೇನಾದರೂ
ಬಂಡೆಗೆ ತಗುಲಿಕೊಂಡಿದೆಯೇ ಎಂದು,
ಮತ್ತೆ ಒಂದು ಸಂಜೆ, ಯಾರಿಗೂ ಹೇಳಿಲ್ಲ,
ಸುಮ್ಮನೆ.
ದುಡ್ಡು ಕೇಳಿರಲಿಲ್ಲ ಯಾರೂ.

ಪಹಣಿಯಲ್ಲಿ ಬೆಟ್ಟ ಖರಾಬು.
ಅದರ ಬುಡದ ಒಂದೆಕರೆ ಹದಿನಾಲ್ಕು ಗುಂಟೆ
ಇನ್ನೂ ಮಾವ ಆವಲಪ್ಪನ ಹೆಸರಲ್ಲಿ.
ಸತ್ತು ಹನ್ನೊಂದು ವರ್ಷ,
ಒಂಬತ್ತನೇ ಕಾಲಮ್ಮಿನಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದಾನೆ.
ಮೂರು ಗಂಡುಮಕ್ಕಳು ಫೋಡಿಗೆ ಕಾಯುತ್ತಾರೆ.
ಸೊಪ್ಪು ಕೊಯ್ಯುವ ನನಗೆ ಕಾಲಮ್ಮಿಲ್ಲ,
ಸಾವಿರದ ಮುನ್ನೂರಡಿ ಕೆಳಗಿನ ನೀರಿಗೂ ಇಲ್ಲ.

ಹುಳದ ಮನೆಗೆ ಅಂಟಿದ ಕೋಣೆಗೆ ಸುಣ್ಣ ಹೊಡೆದೆವು.
ಗೊಬ್ಬರದ ಮೂಟೆ ಹೊರಗೆ, ಮಂಚ ಒಳಗೆ.
'ಕಮೋಡಿಲ್ಲದಿದ್ರೆ
ಪ್ರಕೃತಿ ಯಾರಿಗೂ ಬೇಡಕ್ಕಾ' ಅಂದ ಸೊಣ್ಣಪ್ಪ.
ಒಂದು ಬೆಳೆ ಗೂಡಿನ ದುಡ್ಡು
ಬಿಳಿ ಪಿಂಗಾಣಿಯಾಗಿ ಮೂಲೆಯಲ್ಲಿ ಕೂತಿತು.

ಶನಿವಾರ ಬಂದರು, ಗಂಡ, ಹೆಂಡತಿ,
ಬಾಗಿಲಿಗೆ ಮುಂಚೆಯೇ ಒಳಗೆ ಬಂದ ಸೆಂಟು.
ಮುದ್ದೆ ಆರುವ ತನಕ ಫೋಟೋ ಹಿಡಿದರು,
ಆಮೇಲೆ ಉಪ್ಸಾರಿನ ಖಾರಕ್ಕೆ ಅತ್ತು ನಕ್ಕರು.
'ಊರಲ್ಲಿ ನೋಡೋಕೆ ಏನಿದೆ?'
ಓರಗಿತ್ತಿ ಆಂಜಿನಮ್ಮ
ಬಹಳ ಹೊತ್ತು ಯೋಚಿಸಿ ಹೇಳಿದಳು:
'ಹಾಲಿನ ಡೈರಿ.'

ಅವತ್ತೇ ನಾಲ್ಕನೇ ಜ್ವರ ಎದ್ದಿದ್ದವು ಹುಳ.
ಇನ್ನು ಒಂದು ವಾರ ಹಗಲು ರಾತ್ರಿ ಅವಕ್ಕೆ ಹೊಟ್ಟೆಯೇ ಲೋಕ.
ಹನ್ನೆರಡಕ್ಕೆ ಮೇವು ಹಾಕಿ ಹೊರಗೆ ಬಂದರೆ
ಆ ಮನುಷ್ಯ ಅಂಗಳದಲ್ಲಿ, ಬರಿಗಾಲಲ್ಲಿ,
ತಂತಿಯ ಮೇಲಿನ ಬಟ್ಟೆಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದಾನೆ,
ಅವರ ಟವಲ್ಲು, ನನ್ನ ಸೀರೆ, ಆಂಜಿನಮ್ಮನ ಲಂಗ.
'ಮಳೆ' ಅಂದ, 'ಜೋರು ಮಳೆ ಬರ್ತಿದೆ.'
ಮೇಲೆ ರಾಗಿ ಚೆಲ್ಲಿದ ಹಾಗೆ ನಕ್ಷತ್ರ.

ನಗಬಾರದಿತ್ತು. ನಕ್ಕೆ.
ಮಳೆ ಗೋಡೆಯ ಆಚೆಗಿದೆ ಸಾರ್,
ತೋರಿಸ್ತೀನಿ, ಮೊದಲು ಆ ಸೆಂಟು ತೊಳ್ಕೊಳ್ಳಿ.
ನಲ್ಲಿಯಲ್ಲಿ ಕತ್ತು, ಕೈ ಉಜ್ಜಿದ.
ಹೊಸಿಲಿನ ಸುಣ್ಣದ ಪುಡಿ ತುಳಿದು
ತಲೆ ಬಗ್ಗಿಸಿಕೊಂಡು ಒಳಗೆ ಬಂದ.
ಬಲ್ಬಿನ ಕೆಳಗೆ ಸಾವಿರ ಸಾವಿರ ಬಿಳಿ ಬೆನ್ನು,
ಒಂದೂ ತಲೆಯೆತ್ತಿ ಬಂದವನನ್ನು ನೋಡಲಿಲ್ಲ.
ಸೊಪ್ಪು ಕಡಿಯುವ ಸದ್ದು,
ಕೆರೆಯ ಮೇಲೆ ದೂರದಿಂದ ನಡೆದು ಬರುವ ಹನಿ.

ಬಹಳ ಹೊತ್ತು ನಿಂತ.
ಆಸ್ಪತ್ರೆಯಲ್ಲಿ ಕೇಳುವಷ್ಟು ಮೆಲ್ಲಗೆ ಕೇಳಿದ:
'ಇಲ್ಲಿ ಗುಂಟೆ ಎಷ್ಟಾಗುತ್ತೆ?'

ಸೊಣ್ಣಪ್ಪನ ರೇಟಿಗೆ
ಒಂದು ಲಕ್ಷ ಸೇರಿಸಿ ಹೇಳಿದೆ.
ಯಾಕೆ ಹೇಳಿದೆನೋ,
ಕಾಲಮ್ಮಿಲ್ಲದವಳು.
ಹೇಳುವಾಗ ಬಾಯಿಗೆ ರುಚಿಯಾಗಿತ್ತು, ಸುಳ್ಳೇಕೆ.

ಬೆಳಿಗ್ಗೆ ಹೋದರು. ಮಂಚದ ಕಾಲಕಡೆ
ನನ್ನ ಸೀರೆ, ಮಡಿಸಿಟ್ಟಿದ್ದ,
ಅಂಗಡಿಯವರು ಮಡಿಸುವ ಹಾಗೆ.
ಏಳನೇ ದಿನಕ್ಕೆ ಹುಳ ಹಣ್ಣಾದವು.
ಚಂದ್ರಂಕಿಗೆ ಬಿಟ್ಟೆವು, ಗೂಡು ಶಿಡ್ಲಘಟ್ಟಕ್ಕೆ ಹೋಯಿತು,
ರೇಟು ಅಷ್ಟಕ್ಕಷ್ಟೆ.

ಈಗ ಬೆಟ್ಟದ ಕಡೆ ಕಣ್ಣು ಹಾಯಿಸಿದರೆ
ಒಂದು ಸಂಖ್ಯೆ ಬದುವಿನ ಮೇಲೆ ಬಂದು ನಿಲ್ಲುತ್ತದೆ,
ಸೊಪ್ಪಿಗೆ ಬಾಯಿ ಹಾಕಲು ಬಂದ ಮೇಕೆಯ ಹಾಗೆ.
ಹ್ಯಾ, ಹ್ಯಾ ಅಂತ ಓಡಿಸುತ್ತೇನೆ.
ಹೋಗುತ್ತದೆ.
ನಾಲ್ಕು ಹೆಜ್ಜೆ ಹೋಗಿ
ತಿರುಗಿ ನೋಡುತ್ತದೆ.